ರಕ್ತ ಸೋರುವಾಗ ಬಟ್ಟೆ ಎತ್ತಿ ನೋಡಬೇಡಿ

ಸಂಪಾದಕರೇ,

ಸಂಕ್ರಾಂತಿ ಬಂತೆಂದರೆ ಮುಂಬೈ, ಠಾಣೆ, ಪುಣೆ ಕಡೆಯಿಂದ ಗಾಳಿಪಟದ ಮಾಂಜಾ ಬೈಕ್ ಸವಾರರ ಕುತ್ತಿಗೆ ಕೊಯ್ದ ಸುದ್ದಿಯೂ ಬರುತ್ತದೆ. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಆದರೂ ಗಲ್ಲಿ ಅಂಗಡಿಯಲ್ಲಿ ಸಿಗುತ್ತದೆ, ಆ ಮಾತು ಬಿಡಿ.

ನನ್ನ ತಕರಾರು ಕೊಯ್ದ ಮೇಲೆ ಏನು ಮಾಡುತ್ತೇವೆ ಅನ್ನುವುದರ ಬಗ್ಗೆ. ಡೊಂಬಿವಲಿಯಲ್ಲಿ ಗಾಯಗೊಂಡ ಹುಡುಗನೊಬ್ಬನಿಗೆ ಒಬ್ಬರು ನೀರು ಕುಡಿಸಲು ಹೊರಟರೆ, ಇನ್ನೊಬ್ಬರು ಕರ್ಚೀಫ್ ಎತ್ತಿ ಎತ್ತಿ ರಕ್ತ ನಿಂತಿತಾ ಎಂದು ನೋಡುತ್ತಿದ್ದರು. ಹಾಗೆ ಎತ್ತಲೇಬಾರದು! ಬಟ್ಟೆ ತೊಯ್ದರೆ ಮೇಲೆ ಇನ್ನೊಂದಿಟ್ಟು ಒತ್ತುತ್ತಲೇ ಇರಬೇಕು. ಕುತ್ತಿಗೆಗೆ ಸುತ್ತಿ ಬಿಗಿದರೆ ಉಸಿರೇ ಕಟ್ಟುತ್ತದೆ, ರಕ್ತ ಬರುವ ಜಾಗವನ್ನಷ್ಟೇ ಒತ್ತಿ. ಚುಚ್ಚಿಕೊಂಡ ಗಾಜು ಕೀಳಬೇಡಿ.

ಕೈಕಾಲಾದರೆ, ಒತ್ತಿದರೂ ನಿಲ್ಲದೆ ಜಾಸ್ತಿ ಹರಿಯುತ್ತಿದ್ದರೆ ಮಾತ್ರ ಗಾಯಕ್ಕಿಂತ ಮೇಲೆ ಅಗಲವಾದ ಪಟ್ಟಿ ಬಿಗಿದು, ಕಟ್ಟಿದ ಸಮಯ ಬರೆದಿಡಿ. ರಕ್ತ ಓಡದ ಸ್ನಾಯು ಸುಮಾರು 6 ಗಂಟೆಯೊಳಗೆ ಕೆಡಲು ಶುರುವಾಗುತ್ತದೆ, ಕಾಲನ್ನೇ ಕತ್ತರಿಸಬೇಕಾಗಬಹುದು. ರಕ್ತ ನಿಂತ ಮೇಲೂ ಪಾದ ತಣ್ಣಗಿದ್ದು ನಾಡಿ ಸಿಗದಿದ್ದರೆ ಸುಮ್ನೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋಗುವ ಕೇಸಲ್ಲ ಅದು. ತುಂಡಾದ ರಕ್ತನಾಳ ಜೋಡಿಸುವ ಸರ್ಜನ್ ಬೇಕು. ಎಷ್ಟೋ ಸಲ ಇನ್ನೊಂದು ಕಾಲಿನಿಂದ ರಕ್ತನಾಳದ ತುಂಡು ತೆಗೆದು ಕೂರಿಸುತ್ತಾರೆ.

ಅಂಥ ಸರ್ಜನ್ ರಾತ್ರಿ ಯಾವ ಆಸ್ಪತ್ರೆಯಲ್ಲಿದ್ದಾರೆ? ಉಪನಗರದವರು ಒಂದರಿಂದ ಇನ್ನೊಂದಕ್ಕೆ ಅಲೆಯುವುದರಲ್ಲೇ ಹೊತ್ತು ಕಳೆಯುತ್ತದೆ, ಅಲ್ವಾ? ಆರೋಗ್ಯ ಇಲಾಖೆ ಅಂಥ ಸರ್ಜನ್ ಇರುವ ಆಸ್ಪತ್ರೆಗಳ ಹೆಸರಿನ ಪಟ್ಟಿಯನ್ನು 108 ಆಂಬುಲೆನ್ಸ್ ಚಾಲಕರಿಗೂ ಜನರಿಗೂ ಕೊಡಲಿ.

– ಓದುಗ, ಡೊಂಬಿವಲಿ