ವಿಪಿಎನ್‌ನಲ್ಲಿ ಜಿಆರ್‌ಪಿಸಿ: ‘ಡಿಎನ್‌ಎಸ್ ರೆಸಲ್ಯೂಷನ್ ಫೇಲ್ಡ್’ ದೋಷ

ಎಲ್ಲರಿಗೂ ನಮಸ್ಕಾರ.

ಮ್ಯಾಕ್‌ನಲ್ಲಿ ವಿಪಿಎನ್ ಹಾಕಿಕೊಂಡು ಪೈಥಾನ್ ಜಿಆರ್‌ಪಿಸಿ (ದೂರದ ಸರ್ವರ್‌ನ ಫಂಕ್ಷನ್‌ಗಳನ್ನು ಕರೆಯುವ ವ್ಯವಸ್ಥೆ) ಕ್ಲೈಂಟ್ ಓಡಿಸುವವರಿಗೆ ಮಾತ್ರ ಈ ಸೂಚನೆ. ಕೋಡ್ 14, ‘ಅನ್‌ಅವೈಲಬಲ್’ ಎಂದು ಬಂದ ಕೂಡಲೇ ಸರ್ವರ್ ಬಿದ್ದಿದೆ ಅಂದುಕೊಳ್ಳಬೇಡಿ, ಸರ್ವರ್ ಹೆಸರಿಗೆ ಐಪಿ ವಿಳಾಸ ಸಿಗದಿದ್ದರೂ (ಡಿಎನ್‌ಎಸ್ ದೋಷ) ಹೀಗೆ ಬರುತ್ತದೆ.

ಮೊದಲು ಅದೇ ಸರ್ವರ್ ಹೆಸರಿಗೆ ಪಿಂಗ್ ಕೊಟ್ಟು ಐಪಿ ಸಿಗುತ್ತದೆಯೇ ನೋಡಿ. ಡಿಗ್ (ಡಿಎನ್‌ಎಸ್ ವಿಚಾರಿಸುವ ಕಮಾಂಡ್) ಬೇಡ, ಅದು ಮ್ಯಾಕ್‌ನ ಸಿಸ್ಟಂ ರಿಸಾಲ್ವರನ್ನು (ಹೆಸರಿಗೆ ಐಪಿ ಹುಡುಕಿಕೊಡುವ ಭಾಗ) ಬಿಟ್ಟು ನೇರವಾಗಿ ನೇಮ್‌ಸರ್ವರನ್ನೇ ಕೇಳುತ್ತದೆ. ಪಿಂಗ್‌ಗೆ ಐಪಿ ಸಿಕ್ಕಿಯೂ ಜಿಆರ್‌ಪಿಸಿಗೆ ಸಿಗದಿದ್ದರೆ ಅನುಮಾನ ಜಿಆರ್‌ಪಿಸಿ ಹೆಸರು ಹುಡುಕಲು ಬಳಸುವ ಸಿ-ಏರ್ಸ್ ಲೈಬ್ರರಿಯ ಮೇಲೆ. ಈ ಲೈಬ್ರರಿಯೂ ನೇಮ್‌ಸರ್ವರನ್ನು ತಾನೇ ಕೇಳುವುದರಿಂದ, ಕೆಲವೇ ಡೊಮೇನ್‌ಗಳಿಗೆಂದು ವಿಪಿಎನ್ ಹಾಕಿದ ನಿಯಮ ಅದಕ್ಕೆ ಕಾಣದೇ ಹೋಗಬಹುದು.

ಪರಿಹಾರ: ಜಿಆರ್‌ಪಿಸಿ_ಡಿಎನ್‌ಎಸ್_ರಿಸಾಲ್ವರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪೂರ್ತಿ ದೊಡ್ಡಕ್ಷರ) ‘ನೇಟಿವ್’ ಎಂಬ ಮೌಲ್ಯ ಕೊಡಿ (ಇದು ಸಣ್ಣಕ್ಷರ), ಆಗ ಜಿಆರ್‌ಪಿಸಿ ಸಿ-ಏರ್ಸ್ ಬಿಟ್ಟು ಮ್ಯಾಕ್‌ನ ಸಿಸ್ಟಂ ರಿಸಾಲ್ವರನ್ನೇ ಬಳಸುತ್ತದೆ. ಪ್ರೋಗ್ರಾಂ ಶುರುವಾಗುವ ಮುಂಚೆ, ಶೆಲ್‌ನಲ್ಲೇ ಎಕ್ಸ್‌ಪೋರ್ಟ್ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ: ಇಂಪೋರ್ಟ್ ಆದಮೇಲೆ ಕೋಡ್‌ನೊಳಗೆ ಬರೆದರೆ ಪರಿಣಾಮವಾಗದಿರಬಹುದು.

ಡಿಎನ್‌ಎಸ್‌ನ ಟಿಎಕ್ಸ್‌ಟಿ (ಪಠ್ಯ) ದಾಖಲೆಯಿಂದ ಸರ್ವಿಸ್ ಕಾನ್ಫಿಗ್ (ಕ್ಲೈಂಟ್ ಹೇಗೆ ವರ್ತಿಸಬೇಕೆಂಬ ಸೆಟ್ಟಿಂಗ್‌ಗಳು) ಓದಿಸುವವರು ಇದನ್ನು ಬಳಸಬೇಡಿ, ನೇಟಿವ್‌ನಲ್ಲಿ ಅದು ಸಿಗುವುದಿಲ್ಲ.

ಇಷ್ಟಾದರೂ ಸರಿಹೋಗದವರು ಜಿಆರ್‌ಪಿಸಿ ಆವೃತ್ತಿ, ಮ್ಯಾಕ್ ಆವೃತ್ತಿ ಮತ್ತು ದೋಷದ ಪೂರ್ತಿ ಸಾಲನ್ನು ನಾಳೆ ಸಂಜೆ 5ರೊಳಗೆ ಇಲ್ಲೇ ಹಾಕಿ. ಸ್ಕ್ರೀನ್‌ಶಾಟ್ ಬೇಡ, ಪಠ್ಯವಾಗಿಯೇ ಅಂಟಿಸಿ. ಒಳಗಿನ ಹೋಸ್ಟ್ ಹೆಸರುಗಳನ್ನು ದಯವಿಟ್ಟು ಅಳಿಸಿ ಕಳಿಸಿ.