ಮೃದಂಗದಜ್ಜನ ಪುಟದ ಬಗ್ಗೆ

ಬದಿಯಡ್ಕ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಿಡದೆ ತೋಟಕ್ಕೆ ಎರಡನೆಯ ಸಲದ ಮದ್ದು ಬಿಡುವುದು ಬಾಕಿ ಉಳಿದಿದೆ. ಮೃದಂಗದಜ್ಜನ ಬಗ್ಗೆ ವಿಕಿಪೀಡಿಯಕ್ಕೆಂದು ನೀನು ಬರೆದು ಕಳಿಸಿದ್ದನ್ನು ಮೂರು ಸಲ ಓದಿದೆ. ಎರಡನೆಯ ಸಲ ಓದುವಾಗ ಕಣ್ಣು ತುಂಬಿತು. ಆದರೂ ಹೇಳುತ್ತೇನೆ, ಅದನ್ನು ಈಗ ಹಾಕಬೇಡ.

ಕಾರಣಕ್ಕೆ ಮೊದಲು ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಅಜ್ಜ ಮೂರು ಸಾವಿರಕ್ಕೂ ಹೆಚ್ಚು ಕಚೇರಿಗಳಲ್ಲಿ ನುಡಿಸಿದ್ದಾರೆ ಎಂದು ಬರೆದು, ಒಂದು ಪತ್ರಿಕೆಯ ವರದಿಯನ್ನು ಉಲ್ಲೇಖವಾಗಿ ಕೊಟ್ಟಿದ್ದೀ. ಆ ವರದಿಗಾರನಿಗೆ ಲೆಕ್ಕ ಸಿಕ್ಕಿದ್ದು ಅಜ್ಜನ ಸನ್ಮಾನದ ದಿನ ಹಂಚಿದ ಸಂಚಿಕೆಯಿಂದ. ಆ ಸಂಚಿಕೆಗೆ ಬರೆದವನು ನಾನು. ಪ್ರೆಸ್ಸಿಗೆ ಕೊಡುವ ಹಿಂದಿನ ರಾತ್ರಿ ಕೂತು, ಅವರ ಮೇಲಿನ ಪ್ರೀತಿಯಲ್ಲಿ, ಅಂದಾಜಿಗೆ ಹಾಕಿದ ಸಂಖ್ಯೆ ಅದು. ಕಳೆದ ತಿಂಗಳು ಅವರ ಡೈರಿಗಳನ್ನು ಹರಡಿಕೊಂಡು ಎಣಿಸಿದೆ. ನಾನು ಬರೆದದ್ದರ ಅರ್ಧಕ್ಕೂ ಮುಟ್ಟುವುದಿಲ್ಲ. ನನ್ನ ಅಂದಾಜು ಪತ್ರಿಕೆಗೆ ಹೋಗಿ, ಅಲ್ಲಿಂದ ನಿನ್ನ ಕೈಗೆ ಬಂದು, ಈಗ ವಿಶ್ವಕೋಶದಲ್ಲಿ ಸತ್ಯವಾಗಿ ಕೂರಲು ಹೊರಟಿದೆ. ಇದನ್ನು ಕಂಡ ಮೇಲೆ ನನಗೆ ನಿದ್ದೆ ಬರಲಿಲ್ಲ.

ನೀನು ಕೊಟ್ಟ ಉಳಿದ ಉಲ್ಲೇಖಗಳನ್ನು ಒಂದೊಂದಾಗಿ ನೋಡಿದೆ. ಎರಡು ಜಾತ್ರೆಯ ಆಮಂತ್ರಣ ಪತ್ರಿಕೆಗಳು, ಒಂದು ನನ್ನ ಸಂಚಿಕೆ, ಒಂದು ಅವರ ಶಿಷ್ಯ ಯೂಟ್ಯೂಬಿಗೆ ಹಾಕಿದ ವಿಡಿಯೊ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಅವರು ಆಡಿಶನ್ ಪಾಸಾಗಿ ಗ್ರೇಡ್ ಪಡೆದ ಕಾಗದವೂ ಇದೆ. ಗ್ರೇಡ್ ಸಣ್ಣ ಮಾತಲ್ಲ. ಆದರೆ ಅವರಿಗೆ ನುಡಿಸಲು ಬರುತ್ತದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ವಿಕಿಪೀಡಿಯದವರು ಗಮನಾರ್ಹತೆ ಎಂದು ಹೇಳುವಾಗ ಕೇಳುವುದು ಬೇರೆ: ಮನೆಯವರಲ್ಲದ, ಶಿಷ್ಯರಲ್ಲದ, ಸನ್ಮಾನ ಸಮಿತಿಯವರೂ ಅಲ್ಲದ ಯಾರಾದರೂ, ನಂಬಬಹುದಾದ ಕಡೆ, ಇವರ ಬಗ್ಗೆಯೇ ಕೂತು ವಿವರವಾಗಿ ಬರೆದಿದ್ದಾರೆಯೇ? ದೊಡ್ಡ ವಿದ್ವಾಂಸರಿಗೆ ಪಕ್ಕವಾದ್ಯ ನುಡಿಸಿದ್ದನ್ನು ನೀನು ಉದ್ದಕ್ಕೆ ಪಟ್ಟಿ ಮಾಡಿದ್ದೀ. ಹಾಡಿದವರ ಹೆಸರು ನುಡಿಸಿದವರಿಗೆ ದಾಟುವುದಿಲ್ಲ ಮಗ.

ಇದರಲ್ಲಿ ನನಗೂ ಸಂಕಟವಿದೆ. ಪಕ್ಕವಾದ್ಯದವರಿಗೆ ಪತ್ರಿಕೆಯಲ್ಲಿ ಸಿಗುವುದು ಕೊನೆಯ ಒಂದು ಸಾಲು, 'ಮೃದಂಗದಲ್ಲಿ ಸಹಕರಿಸಿದರು'. ಆ ಒಂದು ಸಾಲಿನ ಹಿಂದೆ ಏನಿತ್ತೆಂದು ನಾನು ನೋಡಿದವನು. ಕಚೇರಿಗೆ ಅರ್ಧ ಗಂಟೆ ಮೊದಲು ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಮುಷ್ಟಿ ರವೆ ಕೇಳುತ್ತಿದ್ದರು. ಅದನ್ನು ನೀರಲ್ಲಿ ಕಲಸಿ, ಉಂಡೆ ಮಾಡಿ, ಮೃದಂಗದ ಎಡದ ನಡುವಿಗೆ ಒತ್ತಿ, ಒಂದು ಪೆಟ್ಟು ಕೊಟ್ಟು ಕಿವಿಗೊಡುವರು. ಹೆಚ್ಚಾಯಿತು ಎನಿಸಿದರೆ ಉಗುರಿನಲ್ಲಿ ಚೂರೇ ಕೀಳುವರು. ಬಲದ ಅಂಚಿಗೆ ಸಣ್ಣ ಕಲ್ಲಿನಿಂದ ತಟ್ಟಿ ತಟ್ಟಿ ತಂಬೂರಿಯ ಶ್ರುತಿಗೆ ತರುವರು. ಮಳೆಗಾಲದಲ್ಲಿ ಚರ್ಮ ಸಡಿಲಾದರೆ ಇದೇ ಕೆಲಸ ಮತ್ತೆ ಮತ್ತೆ. ಕಚೇರಿ ಮುಗಿದು ಎಲ್ಲರೂ ಊಟಕ್ಕೆ ಎದ್ದಾಗ ಅವರು ಒಬ್ಬರೇ ಕೂತು ಒಣಗಿದ ರವೆ ಕೆರೆಯುತ್ತಿದ್ದರು. ಇದನ್ನು ಯಾವ ವಿಮರ್ಶಕನೂ ಬರೆಯಲಿಲ್ಲ. ನಾನು ಬರೆದರೆ ಅದು ಮನೆಯವನ ನೆನಪಾಗುತ್ತದೆ, ವಿಶ್ವಕೋಶದ ಸಾಲಾಗುವುದಿಲ್ಲ.

ನಮ್ಮ ನೆಲದ ಇನ್ನಿಬ್ಬರನ್ನು ನೋಡು. ಕುಂಬಳೆಯ ಪಾರ್ತಿಸುಬ್ಬನ ಬದುಕಿನ ಬಗ್ಗೆ ಗಟ್ಟಿಯಾಗಿ ಗೊತ್ತಿರುವುದು ಬಹಳ ಕಡಿಮೆ. ಆದರೆ ಅವನ ಹೆಸರಿನ ಯಕ್ಷಗಾನ ಪ್ರಸಂಗಗಳು ನಿಜಕ್ಕೂ ಅವನವೇ ಎಂದು ಮುಳಿಯ ತಿಮ್ಮಪ್ಪಯ್ಯನವರೂ ಕುಕ್ಕಿಲ ಕೃಷ್ಣ ಭಟ್ಟರೂ ವಾದಿಸಿದರು, ಶಿವರಾಮ ಕಾರಂತರು ಒಪ್ಪಲಿಲ್ಲ. ಅಷ್ಟು ಮಂದಿ ಅಚ್ಚಿನಲ್ಲಿ ಜಗಳವಾಡಿದ ಮೇಲೆ ಅವನ ಪುಟಕ್ಕೆ ಆಧಾರ ಹುಡುಕಬೇಕಾಗಿಲ್ಲ. ಯಕ್ಷಗಾನದ ಹಾಡುಗಾರ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡಾಗ ಅವರ ಹಾಡುಗಾರಿಕೆಯ ಬಗ್ಗೆ ಸಂಬಂಧವೇ ಇಲ್ಲದವರು ಬರೆದರು. ಅಜ್ಜ ತೀರಿಕೊಂಡಾಗ ಬಂದದ್ದು ನಾವೇ ದುಡ್ಡು ಕೊಟ್ಟು ಹಾಕಿಸಿದ ಶ್ರದ್ಧಾಂಜಲಿ.

ಕನ್ನಡ ವಿಕಿಪೀಡಿಯದಲ್ಲಿ ಅಷ್ಟೆಲ್ಲ ಯಾರು ನೋಡುತ್ತಾರೆ, ಹಾಕಿಬಿಡು ಎಂದು ನಿನ್ನ ಗೆಳೆಯ ಹೇಳಿದ್ದಾನೆಂದು ಬರೆದಿದ್ದೀ. ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. 2003ರಿಂದ ಕೆಲವೇ ಮಂದಿ ಕೂತು ಕಟ್ಟಿದ್ದು ಅದು. ನೋಡುವವರು ಕಡಿಮೆ ಇರುವಲ್ಲಿ ಹೊಕ್ಕ ಸುಳ್ಳು ಬಹಳ ಕಾಲ ಉಳಿಯುತ್ತದೆ. ನೋಡುವವರು ಬಂದರೋ, ಅಜ್ಜನ ಹೆಸರಿನ ಮೇಲೆ ಅಳಿಸಬೇಕು ಎಂಬ ಚೀಟಿ ಬೀಳುತ್ತದೆ. ಗುರುತು ಪರಿಚಯ ಇಲ್ಲದವರು ಅವರನ್ನು ಗಮನಾರ್ಹರಲ್ಲ ಎಂದು ಬರೆಯುವುದನ್ನು ನಾನು ಈ ವಯಸ್ಸಿನಲ್ಲಿ ಓದಲಾರೆ.

ಹಾಗೆಂದು ಕೈಬಿಡು ಎಂದೂ ಹೇಳುತ್ತಿಲ್ಲ. ಉಲ್ಲೇಖ ಅಂತರ್ಜಾಲದಲ್ಲೇ ಇರಬೇಕೆಂಬ ನಿಯಮವಿಲ್ಲ, ಕನ್ನಡದಲ್ಲೇ ಇರಬೇಕೆಂದೂ ಇಲ್ಲ. ಮಂಗಳೂರಿನಲ್ಲಿದ್ದೀ, ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಬೈಂಡು ಕೇಳು. ಎಪ್ಪತ್ತು, ಎಂಬತ್ತರ ದಶಕದ ಸಾಪ್ತಾಹಿಕ ಪುರವಣಿಗಳಲ್ಲಿ ಸಂಗೀತ ವಿಮರ್ಶೆ ಇದ್ದರೆ ಪೂರ್ತಿ ಓದು, ಕೊನೆಯ ಸಾಲು ಮಾತ್ರ ನೋಡಬೇಡ. ಅವರು ಕಾಞಂಗಾಡು, ಪಯ್ಯನ್ನೂರಿನ ಕಡೆಗೂ ಬಹಳ ಹೋಗುತ್ತಿದ್ದರು. 1956ರಲ್ಲಿ ಕಾಸರಗೋಡಿನ ನಾವು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ನಿನಗೆ ಶಾಲೆಯಲ್ಲಿ ಕಲಿತ ಮಲಯಾಳ ಇದೆ, ಆ ಪತ್ರಿಕೆಗಳನ್ನೂ ತಿರುವಿ ಹಾಕು. ಒಳ್ಳೆಯ ಲೇಖನ ಎರಡೋ ಮೂರೋ ಸಿಕ್ಕರೆ ಪುಟ ಮಾಡೋಣ. ಆಗಲೂ ನೀನು ಬರೆಯದೆ, ಸಂಬಂಧವನ್ನು ಮುಚ್ಚಿಡದೆ ಹೇಳಿ, ಬೇರೆಯವರಿಂದ ಬರೆಸು. ಸಿಗದಿದ್ದರೆ ಊರಿನ ಪುಟದಲ್ಲೋ ದೇವಸ್ಥಾನದ ಪುಟದಲ್ಲೋ ಪತ್ರಿಕೆಯ ಆಧಾರದೊಂದಿಗೆ ಒಂದು ಸಾಲು ಬರಲಿ. ಸುಳ್ಳಿಲ್ಲದ ಒಂದು ಸಾಲು ನನಗೆ ಸಾಕು.

ಡೈರಿಗಳು ಅಟ್ಟದ ಟ್ರಂಕಿನಲ್ಲಿದ್ದವು. ಎರಡಕ್ಕೆ ಒರಲೆ ಹಿಡಿದಿತ್ತು, ಕೊಡವಿ ಬಿಸಿಲಿಗೆ ಇಟ್ಟು ಒಳಗೆ ತಂದಿದ್ದೇನೆ. ತಾರೀಕು, ಊರು, ಹಾಡಿದವರ ಹೆಸರು, ಸಿಕ್ಕಿದ ದುಡ್ಡು, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಕೆಲವು ಪುಟ ಮಾಸಿ ಓದಲಾಗುವುದಿಲ್ಲ. ದೀಪಾವಳಿಗೆ ಬರುವಾಗ ನಿನ್ನ ಸ್ಕ್ಯಾನರು ತಾ. ಶಿಷ್ಯರಲ್ಲಿ ಇಬ್ಬರು ಇನ್ನೂ ನೀರ್ಚಾಲಿನಲ್ಲೇ ಇದ್ದಾರೆ, ಒಂದು ಮಧ್ಯಾಹ್ನ ಅವರಲ್ಲಿಗೆ ಹೋಗಿ ಮಾತು ರೆಕಾರ್ಡ್ ಮಾಡಿಕೊಳ್ಳೋಣ. ನನ್ನ ಸಂಚಿಕೆಯ ಉಳಿದ ಪ್ರತಿಗಳಲ್ಲಿ ಆ ಮೂರು ಸಾವಿರವನ್ನು ಹೊಡೆದುಹಾಕಿ ಸರಿಯಾದ ಲೆಕ್ಕ ಬರೆಯುತ್ತಿದ್ದೇನೆ. ನಿನ್ನ ಹತ್ತಿರ ಇರುವ ಪ್ರತಿಯನ್ನೂ ಮರೆಯದೆ ತಾ.

ಇತಿ ನಿನ್ನ
ದೊಡ್ಡಪ್ಪ