ಫ್ರಂಟ್ ಲೋಡ್ ಕೊಳ್ಳುವ ಮುನ್ನ ಒಂದು ಬಕೆಟ್ ನೀರು ಹಿಡಿದು ನೋಡಿ

ಮಾನ್ಯ ಸಂಪಾದಕರೆ,

ದಸರಾ, ದೀಪಾವಳಿ ಹತ್ತಿರವಾಯಿತೆಂದರೆ ಪತ್ರಿಕೆಗಳ ಪುಟ ತುಂಬ ವಾಷಿಂಗ್ ಮಷೀನ್ ಜಾಹೀರಾತು. ಎಷ್ಟು ಕೆಜಿ, ಎಷ್ಟು ಸ್ಟಾರ್, ಮೋಟಾರಿಗೆ ಎಷ್ಟು ವರ್ಷ ವಾರಂಟಿ, ತಿಂಗಳ ಕಂತು ಎಷ್ಟು ಎಂಬುದೆಲ್ಲ ದಪ್ಪಕ್ಷರದಲ್ಲಿ ಇರುತ್ತದೆ. ಆದರೆ ಮುಂಭಾಗದ ಬಾಗಿಲಿನಿಂದ ಬಟ್ಟೆ ಹಾಕುವ ಫ್ರಂಟ್ ಲೋಡ್ ಯಂತ್ರ ನಮ್ಮ ಮನೆಗೆ ಹೊಂದುತ್ತದೆಯೇ ಎಂದು ತಿಳಿಯಲು ಬೇಕಾದ ವಿಷಯ ಒಂದೂ ಇರುವುದಿಲ್ಲ. ನೀರಿನ ಒತ್ತಡ ಕನಿಷ್ಠ ಎಷ್ಟಿರಬೇಕು, ಬೋರ್ ನೀರಿಗೆ ಏನು ಮಾಡಬೇಕು, ಬೇರಿಂಗ್ ಹೋದರೆ ಬಿಚ್ಚಿ ಬೇರೆ ಹಾಕಲು ಬರುತ್ತದೆಯೇ? ಅಂಗಡಿಯಲ್ಲಿ ಕೇಳಿದರೂ ಉತ್ತರ ಸಿಗುವುದು ಅಪರೂಪ. ಯಂತ್ರ ಮನೆಗೆ ಬಂದ ಮೇಲೆ ಕಂಪನಿಯನ್ನು ಬೈಯುವ ಎಷ್ಟೋ ತಾಪತ್ರಯಗಳ ಬೇರು ಇಲ್ಲೇ ಇದೆ. ಹಾಗಾಗಿ ಈ ಪತ್ರ.

ಮೊದಲು ನೀರಿನ ಒತ್ತಡ. ಯಂತ್ರದ ಹಿಂಭಾಗದ ವಾಲ್ವ್ ತೆರೆದಾಗ ನೀರು ರಭಸವಾಗಿ ನುಗ್ಗಿ ಡ್ರಾಯರಿನಲ್ಲಿರುವ ಸೋಪಿನ ಪುಡಿಯನ್ನು ಪೂರ್ತಿ ತೊಳೆದುಕೊಂಡು ಹೋಗಬೇಕು. ಅದಕ್ಕೆ ಕನಿಷ್ಠ ಒತ್ತಡ ಎಷ್ಟಿರಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಮಾಡೆಲ್ ನೋಡಿಕೊಂಡು ಅದು 0.3ರಿಂದ 1 ಬಾರ್‌ವರೆಗೂ ಇರುತ್ತದೆ. 10 ಮೀಟರ್ ಎತ್ತರದಲ್ಲಿ ನಿಂತ ನೀರು ಕೊಡುವುದು ಸುಮಾರು 1 ಬಾರ್. ಎರಡಂತಸ್ತಿನ ಮನೆಯ ತಾರಸಿಯಲ್ಲಿ ಟ್ಯಾಂಕ್ ಇದ್ದರೆ ನೆಲಮಹಡಿಯ ನಲ್ಲಿಗೆ ಹೆಚ್ಚುಕಡಿಮೆ 0.6 ಬಾರ್ ಸಿಗುತ್ತದೆ. ಅದೇ ಮನೆಯ ಮೇಲಿನ ಮಹಡಿಯಲ್ಲಿ, ನಲ್ಲಿಗೂ ಟ್ಯಾಂಕಿನ ತಳಕ್ಕೂ ಎರಡೂವರೆ ಮೀಟರ್ ಅಂತರವಿದ್ದರೆ ಸಿಗುವುದು ಬರೀ 0.25. ಪೈಪಿನ ತಿರುವುಗಳಲ್ಲಿ ಅದರಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಆಗ ಪುಡಿ ಡ್ರಾಯರಿನಲ್ಲೇ ಒದ್ದೆ ಮುದ್ದೆಯಾಗಿ ಉಳಿಯುತ್ತದೆ, ನೀರು ತುಂಬುವುದಕ್ಕೇ ಹೊತ್ತು ಹೋಗುತ್ತದೆ, ಕೊನೆಗೆ ಯಂತ್ರ ನೀರಿಲ್ಲವೆಂದು ನಿಂತುಬಿಡುತ್ತದೆ. ಎಲ್‌ಜಿಯಲ್ಲಿ ‘ಐಇ’, ಸ್ಯಾಮ್‌ಸಂಗ್‌ನಲ್ಲಿ ‘4ಸಿ’ ಎಂದು ಬರುವ ಸೂಚನೆ ಇದೇ.

ಪರೀಕ್ಷೆ ಸುಲಭ. ಯಂತ್ರಕ್ಕೆ ಜೋಡಿಸಲಿರುವ ಅದೇ ನಲ್ಲಿಯ ಕೆಳಗೆ 10 ಲೀಟರ್ ಬಕೆಟ್ ಇಟ್ಟು ಪೂರ್ತಿ ತಿರುಗಿಸಿ. ನಿಮಿಷಕ್ಕೆ 8 ಲೀಟರ್ ಬರಬೇಕೆಂಬುದು ಹಲವು ಕೈಪಿಡಿಗಳ ಲೆಕ್ಕ. ಅಂದರೆ 75 ಸೆಕೆಂಡಿನೊಳಗೆ ಬಕೆಟ್ ತುಂಬಬೇಕು. ಟ್ಯಾಂಕ್ ತುಂಬಿ ತುಳುಕುವಾಗ ಬೇಡ, ಅರ್ಧಕ್ಕೆ ಇಳಿದಾಗ ನೋಡಿ. ತುಂಬದಿದ್ದರೆ ಟ್ಯಾಂಕನ್ನು ಎತ್ತರಿಸಲು ಹೊರಡಬೇಡಿ. 2 ಮೀಟರ್ ಎತ್ತರಿಸಿದರೂ ಹೆಚ್ಚುವುದು 0.2 ಬಾರ್ ಅಷ್ಟೆ. ಕಡಿಮೆ ಒತ್ತಡದಲ್ಲೂ ನಡೆಯುವ ಮಾಡೆಲ್ ಹುಡುಕಿ, ಇಲ್ಲವೇ ಆ ಲೈನಿಗೆ ಸಣ್ಣ ಪ್ರೆಷರ್ ಪಂಪ್ ಹಾಕಿಸಿ. ಪಂಪಿನ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಇನ್ನು ಬೋರ್‌ವೆಲ್ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ಕಾವೇರಿ ನೀರು ಬರುವ ಮನೆಗಳಿಗೆ ಇದು ದೊಡ್ಡ ತಲೆನೋವಲ್ಲ. ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಆಳದ ಬೋರ್ ನೀರು, ಟ್ಯಾಂಕರ್ ನೀರು ನಂಬಿದವರಿಗೆ ಇದೇ ಮುಖ್ಯ ವಿಷಯ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಿಕೊಳ್ಳಬಹುದು. ಕುಡಿಯಲು ಒಪ್ಪುವ ಆ 600ರ ನೀರು ಯಂತ್ರದೊಳಗೆ ನೀರು ಕಾಯಿಸುವ ಹೀಟರಿಗೆ ಒಪ್ಪುವುದಿಲ್ಲ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆದು ಸುಣ್ಣದ ಪದರವಾಗಿ ಹೀಟರ್ ಕಡ್ಡಿಗೆ ಅಂಟುತ್ತದೆ. ಬಿಸಿ ಹೆಚ್ಚಿದಷ್ಟೂ ಅಂಟುವುದು ಜೋರು. ಪದರ ದಪ್ಪವಾದಂತೆ ಕಡ್ಡಿಯ ಶಾಖ ನೀರಿಗೆ ಇಳಿಯದೆ ಕಡ್ಡಿಯನ್ನೇ ಸುಡುತ್ತದೆ. ಒಂದು ದಿನ ಕವಚ ಬಿರಿದು ಕರೆಂಟ್ ನೀರಿಗೆ ಸೋರುತ್ತದೆ. ಯಂತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ, ನೀರು ಕಾಯಲು ತೊಡಗುತ್ತಿದ್ದಂತೆ ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್) ಬಿದ್ದರೆ ಮೊದಲು ಅನುಮಾನಿಸಬೇಕಾದದ್ದು ಹೀಟರನ್ನೇ. ತಣ್ಣೀರಿನ ಪ್ರೋಗ್ರಾಂನಲ್ಲಿ ಬೀಳದೆ ಬಿಸಿನೀರಿನದರಲ್ಲಿ ಮಾತ್ರ ಬೀಳುತ್ತಿದ್ದರೆ ಅನುಮಾನ ಬಹುಮಟ್ಟಿಗೆ ನಿಜ.

ಟಿಡಿಎಸ್ ಮೀಟರ್ ಗಡಸುತನ ಅಳೆಯುವುದಿಲ್ಲ. ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ತೋರಿಸುತ್ತದೆ. ಗಡಸುತನದ ಪರೀಕ್ಷಾ ಪಟ್ಟಿ ಬೇರೆಯೇ ಸಿಗುತ್ತದೆ, ಅದನ್ನು ತನ್ನಿ. ಯಂತ್ರದ ಜೊತೆ ಮಾರುವ ಪಾರದರ್ಶಕ ಡಬ್ಬಿಯ ಜಾಲರಿ ಫಿಲ್ಟರ್ ಮಣ್ಣು, ಮರಳನ್ನು ತಡೆಯುತ್ತದೆ. ಬೋರ್ ನೀರಿಗೆ ಅದು ಬೇಕು, ಆದರೆ ಅದರಿಂದ ನೀರು ಮೆದುವಾಗದು. ಗಡಸುತನ ನಿಜಕ್ಕೂ ತೆಗೆಯುವುದು ಉಪ್ಪು ಹಾಕಿ ತೊಳೆಯುವ ರೆಸಿನ್ ಸಾಫ್ಟ್‌ನರ್ ಮಾತ್ರ. ಅದಿಲ್ಲದ ಮನೆಯಲ್ಲಿ ದಿನನಿತ್ಯದ ಬಟ್ಟೆಗೆ ತಣ್ಣೀರು ಇಲ್ಲವೇ 40 ಡಿಗ್ರಿ ಸಾಕು. 60 ಡಿಗ್ರಿಯನ್ನು ಟವೆಲ್, ಹಾಸಿಗೆ ಹೊದಿಕೆಗೆ ಮೀಸಲಿಡಿ. ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ 60 ಡಿಗ್ರಿಯಲ್ಲಿ ಓಡಿಸಿ. ಅದರ ಜೊತೆ ಬ್ಲೀಚ್ ಖಂಡಿತ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬಚ್ಚಲು ತೊಳೆಯುವ ಆಸಿಡ್ ಅಂತೂ ಯಂತ್ರದ ಹತ್ತಿರವೂ ಬರಬಾರದು. ಡ್ರಮ್ಮಿನ ಹಿಂದಿನ ಅಲ್ಯೂಮಿನಿಯಂ ಭಾಗವನ್ನು ತಿಂದುಹಾಕುತ್ತದೆ.

ಆ ಅಲ್ಯೂಮಿನಿಯಂ ಭಾಗದ ಕಡೆಗೆ ಕೊಳ್ಳುವವರು ಗಮನ ಕೊಡಲೇಬೇಕು. ಮೂರು ಕೈಗಳ ಆ ತುಂಡಿಗೆ ಸ್ಪೈಡರ್ ಎನ್ನುತ್ತಾರೆ. ಡ್ರಮ್ಮನ್ನು ಹಿಡಿದುಕೊಂಡಿರುವುದು ಅದು. ಅದರ ಶಾಫ್ಟ್ ತಿರುಗುವುದು ಎರಡು ಬೇರಿಂಗ್‌ಗಳ ಮೇಲೆ. ಬೇರಿಂಗಿಗೆ ನೀರು ತಾಗದಂತೆ ಕಾಯುವುದು ಒಂದು ರಬ್ಬರ್ ಸೀಲ್. ಸೀಲ್ ಸವೆದರೆ ನೀರು ಒಳಹೊಕ್ಕು ಗ್ರೀಸ್ ತೊಳೆದುಹೋಗುತ್ತದೆ, ಹಿಂಡುವಾಗ ಗುಡುಗಿನಂತೆ ಸದ್ದು ಶುರುವಾಗುತ್ತದೆ. ಸೀಲೂ ಎರಡು ಬೇರಿಂಗೂ ದುಬಾರಿ ವಸ್ತುಗಳಲ್ಲ. ಹೊರಗಿನ ಪ್ಲಾಸ್ಟಿಕ್ ಟಬ್ ಎರಡು ಹೋಳುಗಳಾಗಿ ಬೋಲ್ಟಿನಿಂದ ಕೂಡಿದ್ದರೆ ಬಿಚ್ಚಿ, ಬದಲಿಸಿ, ಮತ್ತೆ ಕೂಡಿಸಬಹುದು. ಹೋಳುಗಳನ್ನು ಕಾಯಿಸಿ ಬೆಸೆದಿದ್ದರೆ ಕಂಪನಿ ಕೊಡುವುದು ಇಡೀ ಟಬ್ ಅಸೆಂಬ್ಲಿ. ಅದರ ಬೆಲೆ ಕೇಳಿದ ಮನೆಯವರು ಹಳೆಯದನ್ನು ಗುಜರಿಗೆ ಹಾಕಿ ಹೊಸದನ್ನೇ ತರುತ್ತಾರೆ. ಅಂಗಡಿಯವರಿಗೆ ಇದು ಗೊತ್ತಿರುವುದಿಲ್ಲ. ಕೊಳ್ಳುವ ಮುನ್ನ ಸರ್ವಿಸ್ ಸೆಂಟರಿಗೆ ಮಾಡೆಲ್ ನಂಬರ್ ಹೇಳಿ, ‘ಬೇರಿಂಗ್ ಕಿಟ್ ಬಿಡಿಯಾಗಿ ಸಿಗುತ್ತದೆಯೇ, ಟಬ್ ಅಸೆಂಬ್ಲಿಯೇ ಬೇಕೇ?’ ಎಂದು ಕೇಳಿ. ನನ್ನ ಮಟ್ಟಿಗೆ ಬ್ರಾಂಡ್‌ಗಿಂತ ಈ ಒಂದು ಉತ್ತರಕ್ಕೇ ತೂಕ ಹೆಚ್ಚು. ಮೋಟಾರಿಗೆ 10 ವರ್ಷ ವಾರಂಟಿ ಎಂಬುದಕ್ಕೆ ಮರುಳಾಗಬೇಡಿ. ಇನ್ವರ್ಟರ್ ಮೋಟಾರ್ ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ಸರ್ಕ್ಯೂಟ್ ಬೋರ್ಡ್, ಡ್ರೇನ್ ಪಂಪ್, ಬಾಗಿಲಿನ ಲಾಕ್. ಅವುಗಳ ವಾರಂಟಿ ಸಾಮಾನ್ಯವಾಗಿ ಎಷ್ಟೋ ಮೊದಲೇ ಮುಗಿದಿರುತ್ತದೆ.

ಕೆಜಿ ಲೆಕ್ಕ ಒಣ ಹತ್ತಿ ಬಟ್ಟೆಯದು. ಸಿಂಥೆಟಿಕ್ ಪ್ರೋಗ್ರಾಂಗೆ ಅದರ ಅರ್ಧದಷ್ಟೇ ಹಾಕಬೇಕು, ಉಣ್ಣೆಗೆ ಇನ್ನೂ ಕಡಿಮೆ. ಒಂದು ಜೀನ್ಸ್ 600–700 ಗ್ರಾಂ, ಸ್ನಾನದ ಟವೆಲ್ 400–500 ಗ್ರಾಂ, ಡಬಲ್ ಬೆಡ್‌ಶೀಟ್ ಒಂದು ಕೆಜಿಯ ಆಸುಪಾಸು. ನಾಲ್ಕು ಜನರ ಮನೆಯಲ್ಲಿ ದಿನ ಬಿಟ್ಟು ದಿನ ಒಗೆಯುವುದಾದರೆ 7 ಕೆಜಿ ಧಾರಾಳ. ರಗ್ಗುಗಳನ್ನೂ ಒಗೆಯಬೇಕೆಂದರೆ 8 ಇರಲಿ. ಡ್ರಮ್ಮಿನ ಗಾತ್ರ ಲೀಟರಿನಲ್ಲಿ ಎಷ್ಟೆಂದೂ ಕೇಳಿ, ಏಕೆಂದರೆ ಒಂದೇ ಗಾತ್ರದ ಡ್ರಮ್ಮಿಗೆ ಒಂದು ಕಂಪನಿ 7 ಎಂದರೆ ಇನ್ನೊಂದು 8 ಎನ್ನಬಹುದು. ಬಟ್ಟೆ ತುಂಬಿದ ಮೇಲೆ ಡ್ರಮ್ಮಿನ ಮೇಲ್ಭಾಗದಲ್ಲಿ ಅಂಗೈ ಆಡುವಷ್ಟು ಜಾಗ ಉಳಿದಿರಬೇಕು. ಒಂದೇ ಒಂದು ದಪ್ಪ ರಗ್ಗು ಹಾಕಿದರೆ ಅದು ಒಂದೆಡೆ ಮುದ್ದೆಗಟ್ಟಿ ಯಂತ್ರ ಹಿಂಡದೆ ನಿಲ್ಲುತ್ತದೆ. ಜೊತೆಗೆ ಎರಡು ಟವೆಲ್ ಹಾಕಿದರೆ ತೂಕ ಹಂಚಿಹೋಗುತ್ತದೆ.

ಹಿಂಡುವ ವೇಗ 1000 ಆರ್‌ಪಿಎಂ ಇದ್ದರೆ ಒಂದು ಕೆಜಿ ಹತ್ತಿ ಬಟ್ಟೆಯಲ್ಲಿ ಸುಮಾರು 600 ಗ್ರಾಂ ನೀರು ಉಳಿಯುತ್ತದೆ, 1400ರಲ್ಲಿ 500ರ ಸುತ್ತಮುತ್ತ. ಬಿಸಿಲು ಬೀಳುವ ಬಳ್ಳಾರಿ, ಕಲಬುರಗಿಯಲ್ಲಿ ಈ ವ್ಯತ್ಯಾಸಕ್ಕೆ ದುಡ್ಡು ಸುರಿಯುವುದು ವ್ಯರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ಮಲೆನಾಡು, ಕರಾವಳಿಯಲ್ಲಿ 1200ಕ್ಕಿಂತ ಕಡಿಮೆ ಬೇಡ. ವೈಫೈ, ಎಐ ಹೆಸರಿನ ಸೌಲಭ್ಯಗಳಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ. ಹೀಟರ್ ಇರುವುದನ್ನು ಮಾತ್ರ ಖಚಿತಪಡಿಸಿಕೊಳ್ಳಿ.

ಯಂತ್ರ ಇಡುವ ಜಾಗದಲ್ಲಿ ಆಗುವ ಎಡವಟ್ಟುಗಳು ಹಲವು. ಹೀಟರ್ ಸುಮಾರು 2000 ವಾಟ್ ಎಳೆಯುವುದರಿಂದ ಅರ್ಥಿಂಗ್ ಇರುವ 16 ಆಂಪ್ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದರೆ ಪ್ಲಗ್ ಕರಗುತ್ತದೆ. ನಮ್ಮ ಯುಟಿಲಿಟಿಗಳಲ್ಲಿ ನೀರು ಹೋಗುವ ಕಿಂಡಿ ನೆಲದಲ್ಲೇ ಇರುವುದರಿಂದ ಡ್ರೇನ್ ಪೈಪನ್ನು ಸೀದಾ ನೆಲಕ್ಕೆ ಇಳಿಬಿಡುತ್ತಾರೆ. ಆಗ ತುಂಬಿದ ನೀರು ತಾನಾಗಿಯೇ ಸೋರಿಹೋಗುತ್ತದೆ, ಯಂತ್ರ ತುಂಬುತ್ತಲೇ ಇರುತ್ತದೆ, ಟ್ಯಾಂಕ್ ಖಾಲಿಯಾಗುತ್ತದೆ. ಪೈಪ್ ಮೊದಲು ನೆಲದಿಂದ 60 ಸೆಂ.ಮೀ.ಗಿಂತ ಮೇಲೇರಿ ಆಮೇಲೆ ಇಳಿಯಬೇಕು, 100 ಸೆಂ.ಮೀ. ದಾಟಿದರೆ ಪಂಪಿಗೆ ಕಷ್ಟ. ಹಿಂಬದಿಯ ಸಾಗಣೆ ಬೋಲ್ಟ್‌ಗಳನ್ನು, ಹೆಚ್ಚಿನ ಯಂತ್ರಗಳಲ್ಲಿ ನಾಲ್ಕು, ಬಿಚ್ಚದೆ ಓಡಿಸಿದರೆ ಯಂತ್ರ ಕುಣಿದು ಮುಂದೆ ಬರುತ್ತದೆ. ಬಿಚ್ಚಿಸಿ ಜೋಪಾನವಾಗಿಡಿ, ಮನೆ ಬದಲಿಸುವಾಗ ಮತ್ತೆ ಬೇಕು. 60–70 ಕೆಜಿಯ ಯಂತ್ರಕ್ಕೆ ಚಕ್ರದ ಪ್ಲಾಸ್ಟಿಕ್ ಸ್ಟ್ಯಾಂಡ್ ಬೇಡವೇ ಬೇಡ. ಗಟ್ಟಿ ನೆಲದ ಮೇಲೆ ನಾಲ್ಕೂ ಕಾಲು ಊರಿ, ಮಟ್ಟ ನೋಡಿ, ಕಾಲಿನ ಲಾಕ್ ನಟ್ ಬಿಗಿ ಮಾಡಿಸಿ. ತಳ ತೆರೆದಿದ್ದರೆ ಇಲಿ ಜಾಲರಿ ಹಾಕಿಸಿ; ವೈರ್ ಕಡಿದ ಇಲಿಗೆ ವಾರಂಟಿ ಇಲ್ಲ.

ಕೈಯಲ್ಲಿ ಒಗೆಯುವ ಪುಡಿ ಹಾಕಿದರೆ ನೊರೆ ಉಕ್ಕಿ, ನೀರಿನ ಮಟ್ಟ ಅಳೆಯುವ ಭಾಗಕ್ಕೆ ದಿಕ್ಕು ತಪ್ಪುತ್ತದೆ, ಜಾಲಿಸುವುದೂ ಮುಗಿಯದು. ಫ್ರಂಟ್ ಲೋಡ್ ಎಂದು ಬರೆದಿರುವ ಪುಡಿಯನ್ನೇ ಹಾಕಿ. ಒಗೆದಾದ ಮೇಲೆ ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆ ಒರೆಸಿ ಬಾಗಿಲು ತೆರೆದಿಡಿ, ಇಲ್ಲವಾದರೆ ಬೂಸ್ಟು ಹಿಡಿದು ಮುಗ್ಗಲು ವಾಸನೆ. ತಿಂಗಳಿಗೊಮ್ಮೆ ಕೆಳಗಿನ ಪಂಪ್ ಫಿಲ್ಟರ್ ಬಿಚ್ಚಿದರೆ ಸೀರೆ ಪಿನ್ನು, ರವಿಕೆ ಹುಕ್ಕು, ಚಿಲ್ಲರೆ ಕಾಸು ಎಲ್ಲ ಸಿಗುತ್ತವೆ.

ಒತ್ತಡವಿಲ್ಲದ, ಪಂಪ್ ಹಾಕಲೂ ಆಗದ ಮನೆಗೆ ಟಾಪ್ ಲೋಡ್ ಅಥವಾ ಸೆಮಿ ಆಟೊಮ್ಯಾಟಿಕ್ ಒಳ್ಳೆಯದೆಂದು ನೇರವಾಗಿ ಹೇಳುತ್ತೇನೆ. ನೀರು ಸರಿಯಿದ್ದ ಮನೆಗಾದರೆ ಫ್ರಂಟ್ ಲೋಡೇ ಉತ್ತಮ. ಬಟ್ಟೆ ಸವೆಯುವುದು ಕಡಿಮೆ, ಅಷ್ಟೇ ಬಟ್ಟೆಗೆ ಟಾಪ್ ಲೋಡ್ ಬಳಸುವ ನೀರಿನ ಹೆಚ್ಚುಕಡಿಮೆ ಅರ್ಧ ಸಾಕು.

ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ವಾಷಿಂಗ್ ಮಷೀನಿನ ಮುಖ್ಯ ಬಿಡಿಭಾಗಗಳನ್ನು ಕನಿಷ್ಠ 10 ವರ್ಷ ಒದಗಿಸುವುದು ಕಡ್ಡಾಯ. ಫ್ರಾನ್ಸಿನಲ್ಲಿ ಅದೇ ವರ್ಷದ ಜನವರಿಯಿಂದ ಫ್ರಂಟ್ ಲೋಡ್ ಯಂತ್ರಗಳ ಮೇಲೆ ಎಷ್ಟು ಸುಲಭಕ್ಕೆ ರಿಪೇರಿ ಮಾಡಬಹುದೆಂಬ ಅಂಕ ಹಾಕುವುದು ಕಡ್ಡಾಯವಾಯಿತು; 2025ರಲ್ಲಿ ಅದರ ಜಾಗಕ್ಕೆ ಬಾಳಿಕೆಯ ಅಂಕ ಬಂತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ನೇಮಿಸಿದಾಗ ಗೃಹೋಪಯೋಗಿ ವಸ್ತುಗಳನ್ನೂ ಸೇರಿಸಿತ್ತು. ಆ ಕೆಲಸ ಅಂಗಡಿಯ ಬೆಲೆ ಚೀಟಿಯವರೆಗೆ ಬರಬೇಕು. ಕನಿಷ್ಠ ನೀರಿನ ಒತ್ತಡ, ಡ್ರಮ್ಮಿನ ಲೀಟರ್, ಟಬ್ ಬಿಚ್ಚಲು ಬರುತ್ತದೆಯೇ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂಬ ನಾಲ್ಕು ಸಾಲುಗಳನ್ನು ಸ್ಟಾರ್ ಲೇಬಲಿನ ಪಕ್ಕದಲ್ಲೇ ಮುದ್ರಿಸುವಂತೆ ಇಲಾಖೆ ಆದೇಶಿಸಲಿ. ಅಲ್ಲಿಯವರೆಗೆ ರಾಜ್ಯದ ಮಾರಾಟಗಾರರು ತಾವಾಗಿಯೇ ಆ ವಿವರವನ್ನು ಬೆಲೆ ಚೀಟಿಯಲ್ಲಿ ಬರೆಯಲಿ, ಕೊಳ್ಳುವವರು ಕೇಳಿ ಬರೆಸಿಕೊಳ್ಳಲಿ.

ಇತಿ,
ಗೃಹೋಪಯೋಗಿ ಯಂತ್ರಗಳ ದುರಸ್ತಿಗಾರ
ರಾಜಾಜಿನಗರ, ಬೆಂಗಳೂರು